ಡಿಸ್ಕಿನ ಲೆಕ್ಕ

ರಾತ್ರಿ ಊಟ ಮುಗಿದು ಮನೆ ಸದ್ದಡಗಿದ ಮೇಲೆ ನನ್ನ ನೆಚ್ಚಿನ ಕೆಲಸವೆಂದರೆ ಗೆರೆ ಹಾಳೆಯ ಮೇಲೆ ಡಿಸ್ಕಿನ ಲೆಕ್ಕ ಹಾಕುವುದು. ಮದುವೆ ವಿಡಿಯೊ, ಪಹಣಿಯ ಸ್ಕ್ಯಾನು, ಅಜ್ಜಿ ಹಾಡಿದ ಸೋಬಾನೆಯ ರೆಕಾರ್ಡಿಂಗು ಎಲ್ಲಕ್ಕೂ ಮನೆಯಲ್ಲೇ ಒಂದು ನಾಸ್ ಪೆಟ್ಟಿಗೆ, ಅಂದರೆ ಮನೆಯ ನೆಟ್‌ವರ್ಕಿಗೆ ಕೂಡಿಸಿದ ಡಿಸ್ಕಿನ ಪೆಟ್ಟಿಗೆ, ಇರಬೇಕು, ಮನೆಮಂದಿಯ ಫೋನಿಗೆಲ್ಲ ವೈಫೈಯಲ್ಲೇ ಸಿಗಬೇಕು ಎಂಬುದು ನನ್ನ ಆಸೆ. ಅದಕ್ಕೆ ತಗಲುವ ಖರ್ಚನ್ನು ತೂಗಿ ನೋಡುವುದರಲ್ಲಿ ಬೇರೆಯದೇ ಸುಖವಿದೆ.

ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ನಿಂತಿತು. 15 ಜಿಬಿ ದಾಟಿದವರಿಗೆ ಬಾಡಿಗೆ ಶುರುವಾಯಿತು. 2 ಟಿಬಿಗೆ ತಿಂಗಳಿಗೆ 650 ರೂಪಾಯಿ ಎಂದಿಟ್ಟುಕೊಂಡರೆ ಐದು ವರ್ಷಕ್ಕೆ 39,000. ಹಾಳೆಯ ಎಡಗಡೆ ನಾನು ಮೊದಲು ಬರೆಯುವ ಅಂಕಿ ಇದು.

ಬಲಗಡೆ ಮನೆಯ ಪೆಟ್ಟಿಗೆಯ ಖರ್ಚು, ಆ ಪಟ್ಟಿ ಉದ್ದ. ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಪೆಟ್ಟಿಗೆಯ ರೇಟು ಕೇಳುವವರೇ ಹೆಚ್ಚು. ನನಗೆ ಡಿಸ್ಕಿನ ಮೇಲಿನ ಚೀಟಿ ಓದುವ ಖುಷಿ. 4 ಟಿಬಿಯ ಎರಡು ಡಿಸ್ಕು ಹಾಕಿ, ಎರಡರಲ್ಲೂ ಒಂದೇ ಪ್ರತಿ ಇಡುವ ರೇಡ್ 1 ಮಾಡಿದರೆ ಕೈಗೆ ಸಿಗುವುದು 4 ಟಿಬಿಯೇ. 1024ರ ಲೆಕ್ಕದಲ್ಲಿ ತೋರಿಸುವ ಕಂಪ್ಯೂಟರಿನಲ್ಲಿ ಅದೂ 3.63ಕ್ಕೆ ಇಳಿಯುತ್ತದೆ. ಇನ್ನು ಎಸ್‌ಎಂಆರ್ ಡಿಸ್ಕು. ಅದರಲ್ಲಿ ಟ್ರ್ಯಾಕುಗಳು ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ನಡುವಿನದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಕೆಟ್ಟ ಡಿಸ್ಕು ಬದಲಿಸಿ ರೇಡ್ ಮತ್ತೆ ಕಟ್ಟುವಾಗ ಇದು ತೆವಳುತ್ತದೆ. "ಸಾರ್, ಮನೆಗೆ ಇಷ್ಟು ಸಾಕು, ತಗೊಂಡೋಗಿ" ಎಂದು ಅಂಗಡಿಯವರು ಎಷ್ಟು ಹೇಳಿದರೂ ಟ್ರ್ಯಾಕುಗಳು ಒಂದರ ಮೇಲೊಂದು ಕೂರದ ಸಿಎಂಆರ್ ಡಿಸ್ಕನ್ನೇ ಕೇಳಿ ಪಡೆಯಬೇಕು. ಅದಕ್ಕೆ ಕೊಟ್ಟ ಹೆಚ್ಚಿನ ದುಡ್ಡು ದಂಡವಲ್ಲ.

ಕರೆಂಟಿನ ಸಾಲು ಚಿಕ್ಕದು, ಆದರೆ ಬಿಡುವಂಥದ್ದಲ್ಲ. 20 ವಾಟ್ ಎಳೆಯುವ ಪೆಟ್ಟಿಗೆ ಹಗಲಿರುಳು ಓಡಿದರೆ ತಿಂಗಳಿಗೆ 14.4 ಯೂನಿಟ್. ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ 200 ಯೂನಿಟ್ ಮಿತಿಯ ಅಂಚಿನಲ್ಲಿರುವ ಮನೆಗೆ ಇದು ಸಣ್ಣ ಮಾತೇನಲ್ಲ. ಮಿತಿ ದಾಟಿದ ತಿಂಗಳು ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ. ಆಗಾಗ ಕರೆಂಟು ಹೋಗುವ ಊರಾದರೆ ಸಣ್ಣದೊಂದು ಯುಪಿಎಸ್ಸೂ ಬೇಕು.

1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕ್ಯಾಟ್ಜ್ ರೇಡ್ ಬಗ್ಗೆ ಪ್ರಬಂಧ ಮಂಡಿಸಿದಾಗ ಅವರೂ ದುಡ್ಡಿನ ಮಾತನ್ನೇ ಆಡಿದ್ದರು: ದುಬಾರಿಯ ದೊಡ್ಡದೊಂದು ಡಿಸ್ಕಿಗಿಂತ ಅಗ್ಗದ ಹಲವು ಡಿಸ್ಕುಗಳ ಸಾಲು ಮೇಲು. ಆ ವಾದ ಓದಿದಾಗಲೆಲ್ಲ ನನಗೆ ನನ್ನ ಹಾಗೆ ಲೆಕ್ಕ ಹಾಕುವವರೇ ಸಿಕ್ಕಂತಾಗುತ್ತದೆ. ಆದರೆ ರೇಡ್ ಕಾಯುವುದು ಡಿಸ್ಕು ಕೆಟ್ಟಾಗ ಮಾತ್ರ. ಮಗು ಒಂದು ಫೋಲ್ಡರ್ ಅಳಿಸಿದರೆ ಅದು ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಗುತ್ತದೆ. ಮನೆಗೆ ನೀರು ನುಗ್ಗಿದರೂ ಅಷ್ಟೇ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಾಚೆ ಎಂದು ಛಾಯಾಗ್ರಾಹಕ ಪೀಟರ್ ಕ್ರೋ ಹೇಳಿದ ಸೂತ್ರವೇ ನನ್ನ ಹಾಳೆಯ ಕೊನೆಯ ಸಾಲು.

ನಿಮ್ಮ ದುಡ್ಡು ಎರಡೇ ಡಿಸ್ಕಿಗೆ ಸಾಲುವಂತಿದ್ದರೆ ರೇಡ್ ಬಿಡಿ. ಒಂದು ಪೆಟ್ಟಿಗೆಯಲ್ಲಿರಲಿ, ಇನ್ನೊಂದಕ್ಕೆ ಎಲ್ಲವನ್ನೂ ನಕಲು ಮಾಡಿ ತಂಗಿಯ ಮನೆಯ ಬೀರುವಿನಲ್ಲಿಡಿ.