ಸೌದೆಯ ತಂದೂರ್, ಕರೆಂಟಿನ ಎಸಿ: ಕುಲ್ಲು ಕಣಿವೆಯ ಚಳಿಯ ಲೆಕ್ಕ

ಡಿಸೆಂಬರ್ ಕೊನೆಯಲ್ಲಿ ಕುಲ್ಲು ಕಣಿವೆಯ ಯಾವ ಹಳ್ಳಿಗೆ ಹೋದರೂ ಮನೆಯ ಸ್ಥಿತಿಗತಿಯನ್ನು ಸೌದೆಯ ರಾಶಿ ನೋಡಿಯೇ ಊಹಿಸಬಹುದು. ಸೂರಿನ ಕೆಳಗೆ ಗೋಡೆಗೆ ಒತ್ತಿ, ಒಂದೇ ಅಳತೆಗೆ ಸೀಳಿದ ಸೌದೆಯನ್ನು ಎದೆಯೆತ್ತರಕ್ಕೆ ಒಟ್ಟಿರುತ್ತಾರೆ. ರಾಶಿ ದೊಡ್ಡದಿದ್ದರೆ ಮನೆಯಲ್ಲಿ ದುಡಿಯುವ ಕೈಗಳಿವೆ ಎಂದರ್ಥ. ಈಚೆಗೆ ಕೆಲವು ಮನೆಗಳಲ್ಲಿ ಅದೇ ರಾಶಿಯ ಮೇಲ್ಗಡೆ, ಗೋಡೆಗೆ ತೂಗಿದ ಎಸಿಯ ಹೊರಪೆಟ್ಟಿಗೆಯೂ ಕಾಣುತ್ತದೆ. ಹಿಮ ಬೀಳುವ ಊರಿನಲ್ಲಿ ಎಸಿ ಯಾಕಪ್ಪಾ ಎಂದು ಚೆನ್ನೈನಿಂದಲೋ ಮುಂಬೈನಿಂದಲೋ ಬಂದವರಿಗೆ ನಗು ಬರಬಹುದು. ನಮ್ಮಂಥ ದೆಹಲಿಯವರಿಗೆ ಅದು ಗೊತ್ತಿರುವ ಸರಕು: ‘ಹಾಟ್ ಅಂಡ್ ಕೋಲ್ಡ್’ ಎಸಿ. ಹೀಟ್ ಪಂಪ್ ಎಂದು ಚಳಿದೇಶಗಳಲ್ಲಿ ಕರೆಯುವುದು ಇದೇ ಜಾತಿಯ ಯಂತ್ರವನ್ನು.

ಪತ್ಲಿಕುಹ್ಲ್ ಹತ್ತಿರ ಬಿಯಾಸ್ ನದಿ ದಾಟಿ ಎಡದಂಡೆಯ ಏರು ಹತ್ತಿದರೆ ನಗ್ಗರ್ ಸಿಗುತ್ತದೆ. ಸುಮಾರು 1,800 ಮೀಟರ್ ಎತ್ತರ. ಒಂದು ಕಾಲದಲ್ಲಿ ಕುಲ್ಲು ರಾಜರ ರಾಜಧಾನಿ. ರಷ್ಯಾದ ಚಿತ್ರಕಾರ ನಿಕೊಲಾಯ್ ರೋರಿಕ್ 1928ರಲ್ಲಿ ಬಂದು ನೆಲೆಸಿದ್ದು ಇಲ್ಲೇ. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಮತ್ತು ಸೊಸೆ ದೇವಿಕಾ ರಾಣಿ ಮುಂದೆ ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟಕ್ಕೆ ಬಂದರು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ನನ್ನ ಆಫೀಸಿನ ಗೆಳೆಯನ ಮನೆ ನಗ್ಗರಿನಿಂದ ಇನ್ನೂ ಮೇಲೆ, ಸೇಬಿನ ತೋಟಗಳ ನಡುವೆ. ಅವನ ತಂದೆತಾಯಿ ಇಬ್ಬರೇ ಅಲ್ಲಿದ್ದಾರೆ, ಇಬ್ಬರಿಗೂ ಎಪ್ಪತ್ತು ದಾಟಿದೆ. ತಂದೆಗೆ ಉಬ್ಬಸ, ಹೊಗೆಯಿಂದ ದೂರವಿರಿ ಎಂದು ಡಾಕ್ಟರು ಹೇಳಿದ್ದಾರೆ. ಒಂದು ಎಸಿ ಹಾಕಿಸಿ ಸೌದೆಯ ಕಾಟ ತಪ್ಪಿಸೋಣ ಎಂಬುದು ಮಗನ ಹಟ. ಅಮ್ಮಾಜಿ ಒಪ್ಪುತ್ತಿರಲಿಲ್ಲ. ನಾನು ಅಲ್ಲಿದ್ದ ಮೂರು ದಿನವೂ ಆ ಮನೆಯಲ್ಲಿ ನಡೆದದ್ದು ಇದೇ ಚರ್ಚೆ.

ಅಲ್ಲಿಯ ತಂದೂರ್ ಎಂದರೆ ನಮ್ಮ ಹೋಟೆಲಿನ ರೊಟ್ಟಿ ತಂದೂರ್ ಅಲ್ಲ. ತಗಡಿನ ಪೆಟ್ಟಿಗೆ, ಮುಂದೆ ಒಂದು ಪುಟ್ಟ ಬಾಗಿಲು, ಮೇಲಿನಿಂದ ಹೊರಟು ಮಾಡು ದಾಟಿ ಹೋಗುವ ಹೊಗೆಕೊಳವೆ. ಕೋಣೆಯ ನಡುವೆ ಇಟ್ಟು ಸುತ್ತ ಎಲ್ಲರೂ ಕೂರುತ್ತಾರೆ. ಅದರ ತಲೆಯ ಮೇಲೆ ಚಹಾದ ಕೆಟಲು ಕೂತಿರುತ್ತದೆ, ಪಕ್ಕದಲ್ಲಿ ಒದ್ದೆ ಕಾಲುಚೀಲ ಒಣಗುತ್ತದೆ, ಸಂಜೆಗೆ ಬೇಳೆ ಬೇಯುತ್ತದೆ. ಸ್ನಾನದ ನೀರಿಗೆ ಹೊರಗೆ ಹಮಾಮ್ ಇದೆ: ನಡುವೆ ಬೆಂಕಿಯ ಕೊಳವೆ, ಸುತ್ತ ನೀರು. ಬೆಳಗಾವಿ, ಪುಣೆ ಕಡೆಯವರು ನೋಡಿದರೆ ‘ಇದು ನಮ್ಮ ಬಂಬು’ ಎನ್ನುತ್ತಾರೆ.

ಸೌದೆಯಲ್ಲೂ ಜಾತಿಗಳಿವೆ. ಪೈನ್ ಬೇಗ ಹೊತ್ತಿಕೊಳ್ಳುತ್ತದೆ, ಆದರೆ ಅದರ ಅಂಟಿನಿಂದ ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಓಕ್ ಮತ್ತು ಸೇಬಿನ ಮರ ನಿಧಾನವಾಗಿ ಹೊತ್ತಿ ಬಹಳ ಹೊತ್ತು ಕೆಂಡವಾಗಿರುತ್ತವೆ. ಸೇಬಿನ ಗಿಡಗಳನ್ನು ಚಳಿಗಾಲದಲ್ಲೇ ಸವರುವುದರಿಂದ ತೋಟವಿದ್ದವರಿಗೆ ಒಂದಿಷ್ಟು ಸೌದೆ ಪುಕ್ಕಟೆ. ಆದರೆ ಈ ವರ್ಷ ಸವರಿದ ಕೊಂಬೆ ಮುಂದಿನ ವರ್ಷಕ್ಕೇ ಆಗುವುದು. ಹಸಿ ಸೌದೆಯ ಬೆಂಕಿಯ ಒಂದು ಪಾಲು ಅದರೊಳಗಿನ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗಿ, ಉರಿ ತಣ್ಣಗಾಗಿ, ಕೋಣೆಗೆ ಸಿಗುವುದು ಹೊಗೆ.

ಎಸಿಯ ಕೆಲಸ ತಿಳಿಯಬೇಕೆಂದರೆ ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿದರೆ ಸಾಕು, ಬೆಚ್ಚಗಿರುತ್ತದೆ. ಒಳಗಿನ ಶಾಖವನ್ನು ಹೊರಗೆ ತಂದು ಹಾಕಿದ್ದರ ಗುರುತು ಅದು. ಹಾಟ್ ಅಂಡ್ ಕೋಲ್ಡ್ ಎಸಿ ಚಳಿಗಾಲದಲ್ಲಿ ಇದನ್ನೇ ತಿರುವುಮುರುವು ಮಾಡುತ್ತದೆ; ಹೊರಗಿನ ಗಾಳಿಯ ಶಾಖವನ್ನು ಹೀರಿ ಕೋಣೆಗೆ ತರುತ್ತದೆ. ಸೊನ್ನೆ ಡಿಗ್ರಿಯ ಗಾಳಿ ನಮಗೆ ಕೊರೆಯುವ ಚಳಿ, ಆದರೆ ಅದರಲ್ಲೂ ಶಾಖವಿದೆ. ಯಂತ್ರ ಶಾಖವನ್ನು ಹುಟ್ಟಿಸದೆ ಬರೀ ಸಾಗಿಸುವುದರಿಂದ ಒಂದು ಯೂನಿಟ್ ಕರೆಂಟಿಗೆ ಎರಡು, ಮೂರು ಯೂನಿಟ್ಟಿನಷ್ಟು ಶಾಖ ಸಿಗುತ್ತದೆ. ರಾಡ್ ಹೀಟರಿಗೋ ಆಯಿಲ್ ಹೀಟರಿಗೋ ಈ ಭಾಗ್ಯವಿಲ್ಲ, ಒಂದಕ್ಕೆ ಒಂದೇ. ಆದರೆ ಹೊರಗೆ ಚಳಿ ಹೆಚ್ಚಿದಷ್ಟೂ ಎಸಿಗೆ ಏದುಸಿರು. ಹೊರಪೆಟ್ಟಿಗೆಯ ಮೇಲೆ ಮಂಜು ಕಟ್ಟಿದರೆ ಅದನ್ನು ಕರಗಿಸಿಕೊಳ್ಳಲು ಆಗಾಗ ನಿಲ್ಲಬೇಕು. ಎಷ್ಟು ಡಿಗ್ರಿಯವರೆಗೆ ಬಿಸಿಗಾಳಿ ಕೊಡುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಬರೆದಿರುತ್ತಾರೆ. ಬೆಟ್ಟದ ಊರಿನವರು ಅದನ್ನು ಓದದೆ ದುಡ್ಡು ಕೊಡಬಾರದು.

ಎರಡನೆಯ ರಾತ್ರಿ ತಂದೂರಿನ ಸುತ್ತ ಕೂತು, ತುಪ್ಪದಲ್ಲಿ ಅದ್ದಿದ ಸಿಡ್ಡು ತಿನ್ನುತ್ತಾ, ನಾನೂ ಗೆಳೆಯನೂ ಹಳೆಯ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದೆವು. ಸಿಡ್ಡು ಎಂದರೆ ನಮ್ಮ ಕಡುಬಿನ ದೂರದ ನೆಂಟ. ಒಂದು ಕೋಣೆಗೆ ದಿನಕ್ಕೆ 6 ಗಂಟೆ, ಗಂಟೆಗೆ 2 ಯೂನಿಟ್ಟಿನಷ್ಟು ಶಾಖ ಬೇಕು ಎಂದಿಟ್ಟುಕೊಂಡೆವು. ಒಟ್ಟು 12 ಯೂನಿಟ್. ಚೆನ್ನಾಗಿ ಒಣಗಿದ ಒಂದು ಕಿಲೋ ಸೌದೆಯಲ್ಲಿ ಸುಮಾರು 4 ಯೂನಿಟ್ ಶಕ್ತಿಯಿರುತ್ತದೆ. ತಗಡಿನ ತಂದೂರಿನಲ್ಲಿ ಅರ್ಧ ಕೊಳವೆಯಲ್ಲೇ ಹಾರಿಹೋಯಿತೆಂದರೆ ಕೋಣೆಗೆ ದಕ್ಕುವುದು 2. ಹಾಗಾದರೆ ದಿನಕ್ಕೆ 6 ಕಿಲೋ ಸೌದೆ. ಕಿಲೋಗೆ 10 ರೂಪಾಯಿಯಂತೆ 60 ರೂಪಾಯಿ. ಎಸಿ ಒಂದಕ್ಕೆ ಎರಡೂವರೆ ಪಟ್ಟು ಶಾಖ ಕೊಟ್ಟರೆ 5 ಯೂನಿಟ್ ಸಾಕು. ಯೂನಿಟ್ಟಿಗೆ 6 ರೂಪಾಯಿಯಂತೆ 30 ರೂಪಾಯಿ. ಅದೇ ಶಾಖವನ್ನು ಆಯಿಲ್ ಹೀಟರಿನಿಂದ ಪಡೆದರೆ 72 ರೂಪಾಯಿ. ದರಗಳು ಊರಿಂದೂರಿಗೆ ಬೇರೆ, ನಿಮ್ಮ ಅಂಕಿ ಹಾಕಿಕೊಳ್ಳಿ. ಲೆಕ್ಕದ ದಾರಿ ಇದೇ.

‘ನೋಡಿದೆಯಾ, ಅರ್ಧಕ್ಕರ್ಧ!’ ಎಂದು ಗೆಳೆಯ ತಾಯಿಯ ಕಡೆ ತಿರುಗಿದ. ಅಮ್ಮಾಜಿ ಕೇಳಿದ್ದು ಒಂದೇ ಪ್ರಶ್ನೆ: ‘ಮಷಿನ್ ಎಷ್ಟು?’ ಅಳವಡಿಕೆ ಸೇರಿ 50,000 ಎಂದು ಹಿಡಿದರೆ, ದಿನಕ್ಕೆ 30 ರೂಪಾಯಿ ಉಳಿತಾಯ, ಚಳಿಯ 120 ದಿನಕ್ಕೆ 3,600. ಹಾಕಿದ ದುಡ್ಡು ವಾಪಸು ಬರಲು ಹೆಚ್ಚುಕಡಿಮೆ 14 ವರ್ಷ! ಅವರಿಗಂತೂ ಅರ್ಧ ಸೌದೆ ತೋಟದಿಂದಲೇ ಬರುವುದರಿಂದ ಉಳಿಯುವುದು ಸೊನ್ನೆ. ‘ಕರೆಂಟು ಹೋದ ದಿನ?’ ಎಂಬುದು ಅವರ ಎರಡನೆಯ ಪ್ರಶ್ನೆ. ಭಾರೀ ಹಿಮ ಬಿದ್ದಾಗ ಮರ ಉರುಳಿ ತಂತಿ ಹರಿಯುವುದುಂಟು. ಚಳಿ ಅತಿ ಹೆಚ್ಚಿರುವ ಹೊತ್ತಿಗೇ ಯಂತ್ರ ಕೈಕೊಡುತ್ತದೆ.

ಲೆಕ್ಕದಲ್ಲಿ ತಂದೂರ್ ಗೆದ್ದಂತೆ ಕಂಡಿತು. ಆದರೆ ಕ್ಯಾಲೆಂಡರಿನ ಹಿಂದೆ ನಾವು ಬರೆಯದೇ ಬಿಟ್ಟದ್ದು ಮರುದಿನ ಬೆಳಿಗ್ಗೆ ಕಣ್ಣೆದುರಿಗೆ ಬಂತು. ಅಮ್ಮಾಜಿ ಪಟ್ಟೂ ಸುತ್ತಿಕೊಂಡು, ಬೆನ್ನಿಗೆ ಕಿಲ್ಟಾ ಏರಿಸಿ, ತೋಟದ ಕೆಳತುದಿಯಿಂದ ಸೌದೆ ಹೊತ್ತು ಬರುತ್ತಿದ್ದರು. ಕಿಲ್ಟಾ ಎಂದರೆ ಆ ಕಡೆಯ ಹೆಂಗಸರು ಬೆನ್ನಿಗೆ ಹೊರುವ ಉದ್ದನೆಯ ಬಿದಿರುಬುಟ್ಟಿ. ಪುಕ್ಕಟೆ ಸೌದೆಯ ಬೆಲೆಯನ್ನು ಅವರ ಮೊಣಕಾಲು ಕೊಡುತ್ತಿತ್ತು. ಒಳಗೆ ಬೆಂಕಿ ಹೊತ್ತಿಸುವಾಗ, ಬಾಗಿಲು ತೆರೆದು ಸೌದೆ ತುರುಕುವಾಗ ಹೊರಬರುವ ಹೊಗೆಯ ಬೆಲೆಯನ್ನು ಅವರ ಗಂಡನ ಎದೆ ಕೊಡುತ್ತಿತ್ತು. ಮಲಗುವ ಕೋಣೆಗೆ ತಂದೂರಿಲ್ಲವೆಂದು ರಾತ್ರಿ ಕೆಂಡ ತುಂಬಿದ ಅಂಗೀಠಿಯನ್ನೂ ಇಟ್ಟುಕೊಳ್ಳುತ್ತಿದ್ದರು. ಇದು ನಮ್ಮ ಅಗ್ಗಿಷ್ಟಿಕೆಯೇ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಉತ್ತರ ಭಾರತದ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲವೂ ಇಂಥ ಸುದ್ದಿ ಬರುತ್ತದೆ. ಅಗ್ಗ, ದುಬಾರಿ ಎಂಬ ಮಾತು ಇದಕ್ಕೆ ಸಲ್ಲದು.

ಹಾಗೆಂದು ಕರೆಂಟು ಪೂರ್ತಿ ಪುಣ್ಯದ್ದು ಎನ್ನುವಂತೆಯೂ ಇಲ್ಲ. ಹಿಮಾಚಲ ಜಲವಿದ್ಯುತ್ತಿನ ರಾಜ್ಯ. ಆದರೆ ಚಳಿಗಾಲದಲ್ಲಿ ಮೇಲಿನ ನೀರು ಹಿಮವಾಗಿ ನಿಂತು ನದಿಗಳು ಸೊರಗುತ್ತವೆ, ಉತ್ಪಾದನೆ ಕುಸಿಯುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಬಯಲುಸೀಮೆಯ ರಾಜ್ಯಗಳಿಗೆ ಕರೆಂಟು ಕೊಟ್ಟು ಚಳಿಗಾಲದಲ್ಲಿ ವಾಪಸು ಪಡೆಯುವ ಕೊಡುಕೊಳ್ಳುವಿಕೆ ನಡೆಯುತ್ತದೆ. ಜನವರಿಯಲ್ಲಿ ನಗ್ಗರಿನ ಎಸಿಯನ್ನು ಬೆಚ್ಚಗಿಡುವ ಕರೆಂಟಿನಲ್ಲಿ ಬಯಲಿನ ಕಲ್ಲಿದ್ದಲಿನ ಪಾಲೂ ಇರುತ್ತದೆ.

ಚರ್ಚೆಗೆ ದಾರಿ ತೋರಿಸಿದ್ದು ಹಿತ್ತಲಿನ ಹಳೆಯ ಮನೆ. ಅದು ಕಾಠ್‌ಕುಣಿ ಕಟ್ಟಡ: ದೇವದಾರು ತೊಲೆಯ ಒಂದು ಸಾಲು, ಗಾರೆಯಿಲ್ಲದೆ ಜೋಡಿಸಿದ ಕಲ್ಲಿನ ಒಂದು ಸಾಲು, ಹೀಗೆ ಏರಿದ ದಪ್ಪ ಗೋಡೆ. ನಗ್ಗರಿನ ಹಳೆಯ ಅರಮನೆಯೂ ಇದೇ ಕ್ರಮದ್ದು. 1905ರ ಕಾಂಗ್ರಾ ಭೂಕಂಪವನ್ನೂ ತಡೆದುಕೊಂಡಿತು. ಕೆಳಗೆ ದನದ ಕೊಟ್ಟಿಗೆ, ದನಗಳ ಮೈಬಿಸಿ ಮೇಲಿನ ಕೋಣೆಗೆ. ಕಿಟಕಿ ಅಂಗೈಯಗಲ, ಬಾಗಿಲು ತಲೆ ತಗ್ಗಿಸಿ ಹೋಗುವಷ್ಟು. ಮುಂದಿನ ಹೊಸ ಮನೆಗೋ ಸಿಮೆಂಟಿನ ತೆಳುಗೋಡೆ, ಬೋಳು ಸ್ಲ್ಯಾಬು, ಕಣಿವೆ ಕಾಣಲೆಂದು ದೊಡ್ಡ ಗಾಜಿನ ಕಿಟಕಿ. ತಂದೂರ್ ಆರಿದ ಮೇಲೆ ಶಾಖ ಜರಡಿಯ ನೀರಿನಂತೆ ಸೋರಿಹೋಗುತ್ತಿತ್ತು. ‘ಹಳೇ ಮನೆಯಲ್ಲಿ ಇದರ ಅರ್ಧ ಸೌದೆ ಸಾಕಾಗುತ್ತಿತ್ತು’ ಎಂದು ಗೆಳೆಯನ ತಂದೆ ಹೇಳಿದಾಗ ನಮ್ಮ 12 ಯೂನಿಟ್ ಎಂಬ ಮೊದಲ ಸಾಲೇ ಅಲುಗಾಡಿತು. ಬೇಕಾದ ಶಾಖವೇ 6 ಯೂನಿಟ್ಟಿಗೆ ಇಳಿದರೆ ಸೌದೆಯೂ ಅರ್ಧ, ಕರೆಂಟೂ ಅರ್ಧ, ಕೊಳ್ಳಬೇಕಾದ ಯಂತ್ರವೂ ಚಿಕ್ಕದು.

ಕೊನೆಗೆ ಮೊದಲು ಬಂದವನು ಬಡಗಿ. ಮಲಗುವ ಕೋಣೆಯ ಗೋಡೆಗೂ ಸೂರಿಗೂ ಹಲಗೆ ಹೊದಿಸಿ, ನಡುವೆ ಥರ್ಮೋಕೋಲ್ ತುಂಬಿಸುವುದು, ಕಿಟಕಿಯ ಸಂದಿ ಮುಚ್ಚಿ ದಪ್ಪ ಪರದೆ ಬಿಡುವುದು ಎಂದು ಮಾತಾಯಿತು. ಆ ಒಂದು ಕೋಣೆಗೆ ಚಿಕ್ಕ ಎಸಿ, ಅಂಗೀಠಿ ಹೊರಗೆ. ಅಡುಗೆಮನೆಯ ತಂದೂರ್ ಇದ್ದಲ್ಲೇ ಇರುತ್ತದೆ. ಅದರ ಬಾಗಿಲನ್ನು ಬಿಗಿ ಮಾಡಿಸಿ, ಕೊಳವೆಯ ಮಸಿ ತೆಗೆಸಬೇಕು. ಹೀಟ್ ಪಂಪ್ ಅರ್ಧಕ್ಕಿಂತ ಹೆಚ್ಚು ಮನೆಗಳನ್ನು ಸೇರಿರುವ ನಾರ್ವೆಯಲ್ಲೂ ಎಷ್ಟೋ ಜನ ಸೌದೆಯ ಒಲೆಯನ್ನು ಬಿಟ್ಟಿಲ್ಲವಂತೆ ಎಂದು ನಾನು ಹೇಳಿದಾಗ ಅಮ್ಮಾಜಿ, ‘ಅಲ್ಲೂ ಕರೆಂಟು ಹೋಗುತ್ತದೆಯೇ?’ ಎಂದು ನಕ್ಕರು.

ಸೌದೆಯ ಈ ಗುಟ್ಟು ನಮ್ಮವರಿಗೆ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರುಮಾಡಿದ ‘ಅಸ್ತ್ರ’ ಕೇಂದ್ರದವರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಕೂತು, ಯಾರು ಎಷ್ಟು ಸೌದೆ ತರುತ್ತಾರೆ, ಅದಕ್ಕೆ ಎಷ್ಟು ಹೊತ್ತು ನಡೆಯುತ್ತಾರೆ ಎಂದು ಲೆಕ್ಕ ಬರೆದಿದ್ದರು. ಹೊಗೆ ಕಡಿಮೆ ಮಾಡಿ ಸೌದೆ ಉಳಿಸುವ ಅಸ್ತ್ರ ಒಲೆ ಅದೇ ಕೇಂದ್ರದಿಂದ ಬಂದದ್ದು. ಹೊತ್ತು ತರುವವರ ನಡಿಗೆಯನ್ನೂ ಇಂಧನದ ಲೆಕ್ಕಕ್ಕೆ ಸೇರಿಸಬೇಕೆಂದು ಅವರಿಗೆ ಗೊತ್ತಿತ್ತು.

ದೆಹಲಿಯ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಈ ಪ್ರಶ್ನೆ ಗೇಟಿನ ಬಳಿಯೇ ಕೂತಿದೆ. ರಾತ್ರಿ ಕಾವಲಿನವರು ಕಡ್ಡಿಕಸ ಉರಿಸಿ ಚಳಿ ಕಾಯಿಸಿಕೊಳ್ಳಬಾರದು, ಅವರಿಗೆ ವಿದ್ಯುತ್ ಹೀಟರ್ ಕೊಡಬೇಕು ಎಂದು ಮಾಲಿನ್ಯ ನಿಯಂತ್ರಣದ ಕ್ರಮಗಳಲ್ಲಿ ನಿವಾಸಿಗಳ ಸಂಘಗಳಿಗೆ ಸೂಚನೆಯಿದೆ. ಹೀಟರ್ ಕೊಟ್ಟರೆ ಮುಗಿಯಲಿಲ್ಲ. ತಗಡಿನ ಗೂಡಿಗೆ ಗಾಳಿ ತಡೆಯುವ ಬಾಗಿಲು, ಕಾಲ ಕೆಳಗೆ ಒಂದು ಹಲಗೆ, ಗೋಡೆಗೆ ಒಳಹೊದಿಕೆ, ಇಷ್ಟಾದರೆ ಚಿಕ್ಕ ಹೀಟರೇ ಸಾಕು. ಸಂಘದ ಮುಂದಿನ ಸಭೆಯಲ್ಲಿ ಹೀಟರಿನ ಬಿಲ್ಲಿನ ಮಾತು ಬಂದರೆ, ಬಡಗಿಯ ಮಾತನ್ನೂ ಎತ್ತಿ.