ಬೆಂಚಿನ ಮೇಲೆ ಕೂತವರ ಬೆಲೆ

ಆಡದೆ ಕೂತವನಿಗೆ ಬೆಲೆ ಕಟ್ಟುವುದು ಹೇಗೆ? ಅಮೆರಿಕನ್ ಫುಟ್‌ಬಾಲ್ ನೋಡುವಾಗ ನನ್ನನ್ನು ಕಾಡುವ ಪ್ರಶ್ನೆ ಇದು. ಪೇಟ್ರಿಯಟ್ಸ್ ತಂಡದಲ್ಲಿ ಟಾಮ್ ಬ್ರೇಡಿಗೆ ಬದಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜಿಮ್ಮಿ ಗರಾಪೊಲೊ ಮೂರೂವರೆ ವರ್ಷದಲ್ಲಿ ಮೊದಲಿಂದ ಆಡಿದ್ದು ಎರಡೇ ಪಂದ್ಯ. ಅಲ್ಲಿ ವ್ಯಾಪಾರ ಹೆಚ್ಚಾಗಿ ನಡೆಯುವುದು ಐಪಿಎಲ್ ಹರಾಜಿನಂತೆ ದುಡ್ಡಿನಲ್ಲಲ್ಲ, ಹೊಸಬರನ್ನು ಆರಿಸುವ ಡ್ರಾಫ್ಟಿನ ಸರದಿಯಲ್ಲಿ. 2017ರ ಅಕ್ಟೋಬರಿನಲ್ಲಿ ಎರಡನೇ ಸುತ್ತಿನ ಒಂದು ಸರದಿಗೆ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊಗೆ ಬಿಟ್ಟುಕೊಟ್ಟರು. ಆ ಋತುವಿನಲ್ಲಿ ಅಲ್ಲಿ ಮೊದಲಿಂದ ಆಡಿದ ಐದೂ ಪಂದ್ಯ ಗೆದ್ದ. ಅವನು ಅಗ್ಗವಾದದ್ದು ಆಟದಿಂದಲ್ಲ. ಒಪ್ಪಂದ ಮುಗಿಯುತ್ತಾ ಬಂದಿತ್ತು, ಮಾರುವವರ ಬಳಿ ಸಮಯವಿರಲಿಲ್ಲ.

ಪುಣೆಯ ನಮ್ಮ ಆಫೀಸಿನಲ್ಲೂ ಪ್ರಾಜೆಕ್ಟ್ ಇಲ್ಲದವರು ‘ಬೆಂಚ್’. ನನ್ನ ಪಟ್ಟಿಯಲ್ಲಿ ನಾಲ್ಕು ತಿಂಗಳಿಂದ ಕೂತ ಹುಡುಗಿಯೊಬ್ಬಳಿದ್ದಾಳೆ. ಹೆಸರಿನ ಪಕ್ಕ ಕೆಂಪು ಬಣ್ಣದಲ್ಲಿ ಕಾದ ದಿನಗಳ ಲೆಕ್ಕ. ಆ ಲೆಕ್ಕ ಹೇಳುವುದು ಕಂಪನಿಯ ಅವಸರವನ್ನು, ಅವಳ ಯೋಗ್ಯತೆಯನ್ನಲ್ಲ. ಮುಂದಿನ ಕ್ಲೈಂಟ್ ಇಂಟರ್‌ವ್ಯೂಗೆ ಅವಳ ಹೆಸರನ್ನೇ ಕಳಿಸುತ್ತಿದ್ದೇನೆ.