ಹಸಿರೇರಿದ ನೀರು: ರಾಯದುರ್ಗದಿಂದ ಮಡಕಶಿರೆಗೆ

ರಾಯದುರ್ಗದ ಕೋಟೆಬೆಟ್ಟವನ್ನೇರಿ ನಿಂತವರಿಗೆ ಮೊದಲು ಕಾಣುವುದು ಬಂಡೆ, ಅನಂತರ ಬಯಲು. ನೀರನ್ನು ಮಾತ್ರ ಹುಡುಕಬೇಕು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಈ ತಾಲ್ಲೂಕು ಆಂಧ್ರದಲ್ಲಿ ಉಳಿಯಿತು. ಗಡಿ ಬದಲಾಯಿತೇ ಹೊರತು ಮಳೆ ಬದಲಾಗಲಿಲ್ಲ: ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿ.ಮೀ. ಭೈರವಾನಿತಿಪ್ಪೆಯಲ್ಲಿ ಅಣೆಕಟ್ಟಿದ್ದರೂ ವೇದಾವತಿಯ ಪಾತ್ರದಲ್ಲಿ ಬಹುಕಾಲ ಮರಳೇ.

ಹೀಗಾಗಿ ಇಲ್ಲಿಯ ನೀರು ಪರವೂರಿನದು. ಕಣೇಕಲ್ಲಿನ ಕೆರೆಗೆ ತುಂಗಭದ್ರೆಯ ಮೇಲ್ಮಟ್ಟದ ಕಾಲುವೆ ಬರುತ್ತದೆ. ದಕ್ಷಿಣದಲ್ಲಿ, ಮೂರು ಕಡೆ ಕರ್ನಾಟಕವೇ ಸುತ್ತುವರಿದ ಮಡಕಶಿರೆಯ ಕಡೆಗೆ ಹಂದ್ರಿ-ನೀವಾ ಕಾಲುವೆ ಕೃಷ್ಣೆಯನ್ನು ಕರೆತರುತ್ತದೆ. ಬಂದ ನೀರನ್ನು ಬೇಸಿಗೆಗೆಂದು ತಿಂಗಳುಗಟ್ಟಲೆ ಕೂಡಿಡಬೇಕು. ತೊಡಕು ಹುಟ್ಟುವುದು ಅಲ್ಲಿಯೇ. ನಿಂತ ನೀರಿಗೆ ಬಿಸಿಲೂ ಹೊಲಗಳಿಂದ ತೊಳೆದುಬಂದ ಗೊಬ್ಬರದ ಸಾರವೂ ಕೂಡಿದರೆ ಪಾಚಿ ಕೆನೆಗಟ್ಟುತ್ತದೆ. ಶೋಧಕದ ಮರಳು ಕಟ್ಟಿಕೊಳ್ಳುತ್ತದೆ. ಕೊಡದ ನೀರಿಗೆ ಮಣ್ಣುವಾಸನೆ ಬರುತ್ತದೆ.

ಇದಕ್ಕೆ ಹಳೆಯ ಮದ್ದು ಮೈಲುತುತ್ತ, ತೋಟಗಾರರು ಸುಣ್ಣದೊಡನೆ ಕಲಸಿ ಸಿಂಪಡಿಸುವ ಅದೇ ನೀಲಿ ಹರಳು. ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ 1904ರಲ್ಲಿ ಜಲಾಶಯಗಳಿಗೆ ಇದನ್ನು ಸೂಚಿಸಿದರು. ಹರಳುಗಳನ್ನು ಗೋಣಿಚೀಲದಲ್ಲಿ ಕಟ್ಟಿ ದೋಣಿಯ ಹಿಂದೆ ಎಳೆಯುವುದು ಕ್ರಮ. ಲೀಟರಿಗೆ ಅರ್ಧ ಮಿಲಿಗ್ರಾಮಿನಂತೆ ಹಾಕುವುದಾದರೆ ಒಂದು ಕೋಟಿ ಲೀಟರಿಗೆ ಸಾಕಾಗುವುದು ಕೇವಲ 5 ಕಿಲೋ.

ಲೆಕ್ಕ ಸುಲಭವೆನಿಸಬಹುದು, ಕೆರೆ ಅಷ್ಟು ಸುಲಭವಲ್ಲ. ಕ್ಷಾರಗುಣ ಹೆಚ್ಚಿರುವ ಗಡಸು ನೀರಿನಲ್ಲಿ ತಾಮ್ರ ಬೇಗನೆ ಗಸಿಯಾಗಿ ತಳ ಸೇರುತ್ತದೆ, ಪಾಚಿ ಉಳಿಯುತ್ತದೆ. ಮೆದು ನೀರಿಗೆ ಅದೇ ಪ್ರಮಾಣ ಮೀನುಗಳ ಪಾಲಿಗೆ ವಿಷವಾಗಬಹುದು. ಆದುದರಿಂದ ನೀರನ್ನು ಪರೀಕ್ಷಿಸದೆ ಚೀಲ ಬಿಚ್ಚುವುದು ಕುರುಡು ಧೈರ್ಯ. ಇಡೀ ಕೆರೆಗೆ ಒಮ್ಮೆಲೇ ಹಾಕುವುದೂ ತರವಲ್ಲ: ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಕೊಂಡು, ಮದ್ದಿಗೆ ಉಳಿದ ಮೀನನ್ನೂ ಉಸಿರುಗಟ್ಟಿಸುತ್ತದೆ. ಭಾಗ ಭಾಗವಾಗಿ, ನಡುವೆ ದಿನಗಳ ಅಂತರ ಬಿಟ್ಟು ಹಾಕಬೇಕು. ಅದೂ ಪಾಚಿ ದಟ್ಟವಾಗುವ ಮುನ್ನ.

ಮನೆಗಳಲ್ಲಿ ಅರಿಯಬೇಕಾದ ಸಂಗತಿ ಬೇರೊಂದಿದೆ. ಬಣ್ಣ ಚೆಲ್ಲಿದಂತೆ ತೇಲುವ ನೀಲಿಹಸಿರು ಪಾಚಿಯ ಕೆಲವು ಬಗೆಗಳಲ್ಲಿ ಯಕೃತ್ತಿಗೆ ಕೇಡು ಮಾಡುವ ವಿಷವಿರುತ್ತದೆ. ಮೈಲುತುತ್ತ ಆ ಜೀವಕೋಶಗಳನ್ನು ಒಡೆದೊಡನೆ ವಿಷ ನೀರಿಗಿಳಿಯುತ್ತದೆ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಈ ವಿಷ ಹೋಗದು. ಅಂಥ ಕೆನೆ ಕಟ್ಟಿದ ದಡದಲ್ಲಿ ಮಕ್ಕಳನ್ನು ಈಜಲು ಬಿಡಬಾರದು, ದನಗಳಿಗೆ ನೀರು ಕುಡಿಸಲೂಬಾರದು.